ಬಿರುಕನ್ನು ನಕ್ಷೆಯಲ್ಲಿ ಅಳಿಸಿದರೆ ಅದು ನೆಲದಲ್ಲಿ ಕೂಡಿಕೊಳ್ಳುತ್ತದೆಯೇ?

ಹೊತ್ತು ಇನ್ನೂ ಸರಿಯಾಗಿ ಮೂಡಿಲ್ಲ. ಸೊಂಟದೆತ್ತರದ ಒಣಹುಲ್ಲಿನ ನಡುವೆ ಮುಳ್ಳುಮರವೊಂದಕ್ಕೆ ಅಳತೆಗೋಲು ಆನಿಸಿ ಕೋಲಕ್ಕ ಕತ್ತೆತ್ತಿ ನಿಂತಿದ್ದಾರೆ. ಜೊತೆಗಾರರು ಇಟ್ಟ ಹೆಸರದು. ವಿಮಾನವೊಂದು ಮೇಲಿನಿಂದ ಲೇಸರ್ ಕಿರಣ ಬಿಟ್ಟು ಈ ಬಯಲಿನ ಮರಗಳ ಎತ್ತರವನ್ನೂ ನೆಲದ ಉಬ್ಬುತಗ್ಗನ್ನೂ ಅಳೆಯುತ್ತದೆ. ಆ ಅಳತೆ ಸರಿಯೇ ಎಂದು ನಡೆದು ನೋಡುವವರು ಇವರು. ದಿನಕ್ಕೆ ಅರವತ್ತು ಮರ, ಹನ್ನೆರಡು ಕಿಲೋಮೀಟರು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

"ಒಂದೊಂದ್ಸಲ ವಿಮಾನ ಹುಲ್ಲನ್ನೇ ನೆಲ ಅಂದ್ಕೊಂಡ್ಬಿಡುತ್ತೆ. ಅದರ ಕಿವಿ ಹಿಂಡೋಕೆ ನಾನಿದ್ದೀನಿ" ಎನ್ನುತ್ತಾರೆ. ನಗುವುದಿಲ್ಲ.

ಹೋದ ವರ್ಷ ಭೂಮಿ ನಡುಗಿತು. ವಿಮಾನ ಮತ್ತೆ ಹಾರಿತು. ಹಳೆಯ ಅಳತೆಗೂ ಹೊಸದಕ್ಕೂ ತಾಳೆ ನೋಡಿದರೆ ಬಯಲಂಚಿನ ಗುಡ್ಡದ ಒಂದು ಮಗ್ಗುಲು ಒಂದೂವರೆ ಅಡಿ ಕುಸಿದಿತ್ತು. ಕೋಲಕ್ಕ ಹತ್ತಿ ನೋಡಿದರು. ಹುಲ್ಲಿನಡಿ ಆಳು ಮುಳುಗುವಷ್ಟು ಬಿರುಕು. ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು ಕಚೇರಿಗೆ ಕೊಟ್ಟರು. ವಾರ ಕಳೆಯುವುದರೊಳಗೆ ಅದೇ ಗುಡ್ಡದ ಬುಡದಲ್ಲಿ ಮನೆ ಕಳೆದುಕೊಂಡವರಿಗೆ ಡೇರೆಗಳೆದ್ದವು! ಕಚೇರಿ ಹೊರತಂದ ನಕ್ಷೆಯಲ್ಲಿ ಆ ಗೆರೆಯೇ ಇಲ್ಲ.

"ಜನ ಹೆದರ್ತಾರೆ ಅಂತ ತೆಗೆದ್ವಿ. ನೀವು ಮರ ಅಳೀರಿ, ಸಾಕು" ಎಂದರು ಮೇಲಧಿಕಾರಿ.

"ಮರ ನೋಡೋ ಕಣ್ಣಿಗೆ ಬಿರುಕು ಕಾಣಲ್ವಾ ಸಾರ್?" ಎಂದು ಕೇಳಿ, ಕೋಲಕ್ಕ ನೇರ ಡೇರೆಗಳಿಗೆ ನಡೆದರು. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಅಜ್ಜಿಯೊಬ್ಬರ ಕೈಹಿಡಿದು ಗುಡ್ಡ ಹತ್ತಿಸಿ, ಬಿರುಕಿಗೆ ಕೋಲು ಇಳಿಬಿಡಲು ಹೇಳಿದರು. ತಳ ಸಿಗಲಿಲ್ಲ. ಕೆಳಗಿಳಿದ ಅಜ್ಜಿ ತಮ್ಮ ಡೇರೆಯ ಗೂಟ ಕಿತ್ತರು. ಸಂಜೆಯೊಳಗೆ ನಲವತ್ತೊಂದು ಮನೆಯವರು ಜಾಗ ಬಿಟ್ಟಿದ್ದರು.

ಬಡಗಿಯೊಬ್ಬರು ಮಾತ್ರ ಕದಲಲಿಲ್ಲ. "ನಕ್ಷೇಲಿ ಇದೆಯೇನಮ್ಮ?" ಎಂದು ಕೇಳಿದ್ದರಂತೆ. "ಇಲ್ಲ ಅಣ್ಣ ಅನ್ನಬೇಕಾಯ್ತಲ್ಲ ನಾನು!" ಎನ್ನುತ್ತಾ ಕೋಲಕ್ಕ ಅಳತೆಗೋಲನ್ನು ನೆಲಕ್ಕೆ ಕುಟ್ಟುತ್ತಾರೆ. ಮೂರನೆಯ ದಿನ ನೆಲ ಮತ್ತೆ ಅಲುಗಿತು, ಗುಡ್ಡ ಜಾರಿತು. ಬಡಗಿ ಉಳಿಯಲಿಲ್ಲ.

ಲೇಸರ್ ತಂತ್ರಜ್ಞಾನ ನಲವತ್ತೊಂದು ಕುಟುಂಬಗಳನ್ನು ಉಳಿಸಿತೆಂದು ವರದಿ ಬಂತು, ಮೇಲಧಿಕಾರಿಗೆ ಶಾಲು ಬಂತು. ಆ ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಡೇರೆಗಳಿಗೆ ಹೋದದ್ದಕ್ಕೆ ಕೋಲಕ್ಕನಿಗೆ ನೋಟಿಸು ಬಂತು. ಗಂಡ ಅದನ್ನು ಬೀರುವಿನಲ್ಲಿ ಅಡಗಿಸಿಟ್ಟರೆ, ಇವರು ತೆಗೆದು ಮುಂಬಾಗಿಲಿಗೇ ಅಂಟಿಸಿದ್ದಾರೆ.

ನಿಮಗೇನು ಬೇಕು ಎಂದು ಕೇಳಿದರೆ, ಮುಂದಿನ ಮರದತ್ತ ಹೆಜ್ಜೆ ಹಾಕುತ್ತಲೇ ಹೇಳುತ್ತಾರೆ: "ನನ್ನ ಹೆಸರು ಬೇಡ. ವರದೀಲಿ ಆ ಅಣ್ಣನ ಹೆಸರು ಹಾಕ್ಲಿ. ಗೆರೆ ಅಳಿಸಿದವರ ಹೆಸರೂ ಪಕ್ಕದಲ್ಲೇ ಹಾಕ್ಲಿ."