ಪಟಾಕಿಗೆ ಮುತ್ತಿಯ ಅಪ್ಪಣೆ

ಮುತ್ತಿಯ ಬಾಯಿಗೆ ನಮ್ಮ ಡಾಕ್ಟರೂ ಹೆದರುತ್ತಾರೆ. ನೆಲ್ಯಹುದಿಕೇರಿಯ ತೋಟದ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದವಳು, ಕಾಫಿ ಕುಯ್ಯುವುದು ಬಿಟ್ಟು ನಮ್ಮ ಆಸ್ಪತ್ರೆಗೆ ಆಯಾ ಆಗಿ ಬಂದಳು. ನಾನಿಲ್ಲಿ ನರ್ಸ್. ದಿನಕ್ಕೊಮ್ಮೆ ಅವಳಿಂದ ಬೈಸಿಕೊಳ್ಳದಿದ್ದರೆ ನನಗೂ ಊಟ ಸೇರುವುದಿಲ್ಲ.

ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ಸೇನೆಯ ಆಸ್ಪತ್ರೆಗಳು ತುಂಬಿಹೋಗಿ, ಆಪರೇಷನ್ ಮುಗಿದವರನ್ನು ಅವರವರ ಊರಿನ ಹತ್ತಿರಕ್ಕೆ ಕಳಿಸುತ್ತಿದ್ದರು. ಹಾಗೆ ನಮ್ಮಲ್ಲಿಗೆ ಬಂದವನು ಕಕ್ಕಬೆಯ ನಿತೇಶ್. ಶೆಲ್ಲಿನ ಚೂರು ಅವನ ತೊಡೆಯ ರಕ್ತನಾಳ ಹರಿದಿತ್ತು, ಹೇಗೋ ಜೋಡಿಸಿದ್ದರು. ಬಂದ ಮಾರನೆಯ ದಿನವೇ ಪಕ್ಕದ ತೋಟದಲ್ಲಿ ಆನೆ ಓಡಿಸಲು ಪಟಾಕಿ ಹೊಡೆದರು. ಹುಡುಗ ಚೀರಿ ಮಂಚದ ಕೆಳಗೆ ನುಗ್ಗಿದ. ಹೊಲಿಗೆ ಬಿಚ್ಚಿ ನೆಲವೆಲ್ಲ ರಕ್ತ. "ಇನ್ನೊಮ್ಮೆ ಹೀಗಾದ್ರೆ ಕಾಲು ಉಳಿಯಲ್ಲ," ಎಂದರು ಡಾಕ್ಟರ್.

ಪಟಾಕಿ ಹೊಡೆದವನು ಬೇರೆ ಯಾರೂ ಅಲ್ಲ, ಆನೆ ಓಡಿಸುವ ತಂಡದಲ್ಲಿದ್ದ ಮುತ್ತಿಯ ಗಂಡ ಕಾಳ. ಅವನನ್ನು ವಾರ್ಡಿನ ಬಾಗಿಲಿಗೆ ಕರೆಸಿ, ಇನ್ನು ಈ ಕಡೆ ಪಟಾಕಿ ಹೊಡೆಯುವುದಿಲ್ಲವೆಂದು ಮುತ್ತಿ ಆಣೆ ಹಾಕಿಸಿದಳು. ಅಂದಿನಿಂದ ನಮ್ಮ ಸುತ್ತ ಬರೀ ಡಬ್ಬ ಬಡಿಯುವುದು, ಕೂಗುವುದು.

ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಡಬ್ಬಕ್ಕೆಲ್ಲ ಹೆದರುತ್ತದೆಯೇ? ಒಂದು ಬೆಳಿಗ್ಗೆ ಮುತ್ತಿ ನಿತೇಶನಿಗೆ ಗಂಜಿ ಕುಡಿಸುತ್ತಿದ್ದಾಗ ಫೋನ್ ಬಂತು. ಕೈ ಒದ್ದೆಯೆಂದು ಸ್ಪೀಕರಿಗೆ ಹಾಕಿದಳು.

"ಮುತ್ತಿ, ಆಸ್ಪತ್ರೆ ಪಕ್ಕದ ತೋಟದಲ್ಲೇ ಮರದ ಮೇಲಿದ್ದೀನಿ. ಕೆಳಗೆ ಒಂಟಿಸಲಗ, ಮರ ದೂಡ್ತಾ ಉಂಟು. ಪಟಾಕಿ ಜೇಬಲ್ಲಿದೆ. ಹೊಡೀಲಾ?"

ಅಯ್ಯೋ ಪುಣ್ಯಾತ್ಮ! ಪ್ರಾಣ ಹೋಗುವ ಹೊತ್ತಲ್ಲಿ ಹೆಂಡತಿಯ ಅಪ್ಪಣೆ ಕೇಳುವವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮುತ್ತಿ ಒಮ್ಮೆ ಫೋನ್ ನೋಡುತ್ತಾಳೆ, ಒಮ್ಮೆ ಹುಡುಗನ ಕಾಲು ನೋಡುತ್ತಾಳೆ. ಫೋನಿನೊಳಗೆ ಕೊಂಬೆ ಮುರಿದ ಸದ್ದಾಯಿತು.

"ಹೊಡೀಲಿ ಅಕ್ಕ," ಎಂದ ನಿತೇಶ್. ಅವನ ಮುಖ ಬಿಳುಚಿಕೊಂಡಿತ್ತು. "ನನ್ನನ್ನ ಗಟ್ಟಿ ಹಿಡ್ಕೊಳ್ಳಿ. ಬಿಡ್ಬೇಡಿ."

ಮುತ್ತಿ ಅವನ ಸೊಂಟಕ್ಕೂ ಮೊಣಕಾಲಿಗೂ ಕೈ ಹಾಕಿ ಅದುಮಿದಳು. ನಾನು ಭುಜ ಹಿಡಿದೆ.

"ಹೊಡಿ ಮಾರಾಯ, ಎಂತ ಕಾಯ್ತಿದ್ದಿ!" ಎಂದು ಮುತ್ತಿ ಫೋನಿಗೆ ಕಿರುಚಿದಳು.

ಢಮ್ಮೆಂದಿತು. ನಿತೇಶನ ಮೈ ನಮ್ಮಿಬ್ಬರನ್ನೂ ಎತ್ತಿಕೊಂಡೇ ಎದ್ದಿತು. ದಿಂಬು ಕಚ್ಚಿದ. ಇನ್ನೊಂದು ಢಮ್. ಮತ್ತೊಂದು. ಸದ್ದು ನಿಂತ ಮೇಲೆ ಬ್ಯಾಂಡೇಜ್ ಮುಟ್ಟಿ ನೋಡಿದೆ, ಒಣಗಿಯೇ ಇತ್ತು.

ಆದರೆ ಅತ್ತ ಕಾಳನ ದನಿಯಿಲ್ಲ. ಫೋನ್ ಕಟ್ಟಾಗಿತ್ತು. ಮುತ್ತಿ ಹಿಡಿದ ಕೈ ಬಿಡಲಿಲ್ಲ. ಹಾಗೇ ಮಂಚದ ಅಂಚಿಗೆ ತಲೆ ಆನಿಸಿದಳು. ನಿತೇಶ್ ಅವಳ ತಲೆಯ ಮೇಲೆ ಕೈಯಿಟ್ಟು "ಮಾಡ್ತಾರೆ ಅಕ್ಕ, ಈಗ ಫೋನ್ ಮಾಡ್ತಾರೆ" ಎನ್ನುತ್ತಲೇ ಇದ್ದ.

ಕೊನೆಗೂ ಫೋನ್ ಬಂತು. ನಾನೇ ಎತ್ತಿ ಸ್ಪೀಕರಿಗೆ ಹಾಕಿದೆ.

"ಹೋಯ್ತು, ಹೊಳೆ ಕಡೆ ಇಳೀತು," ಎಂದ ಕಾಳ, ಏದುಸಿರು ಬಿಡುತ್ತ. "ಮುತ್ತಿ, ಹುಡುಗನ ಕಾಲು?"

ಮುತ್ತಿ ಬಾಯಿ ತೆರೆದಳು, ಅಳು ಬಂತು. ನಿತೇಶನೇ ಫೋನಿನತ್ತ ಮುಖ ತಿರುಗಿಸಿ ಹೇಳಿದ:

"ಕಾಲು ಇದೆ ಅಣ್ಣ. ನೀವು ಮೆಲ್ಲ ಇಳೀರಿ."