ತೂತಿಲ್ಲದ ಹದಿನೆಂಟು ಜೇಬು

ನನ್ನ ತಂಗಿಯ ಗಂಡ ನಲವತ್ತು ವರ್ಷ ಪ್ಯಾಂಟಿನ ಜೇಬು ಹೊಲಿದವನು. ಇಡೀ ಪ್ಯಾಂಟನ್ನು ಅವನು ಒಂದು ದಿನವೂ ಹೊಲಿದಿಲ್ಲ. ಕಾರ್ಖಾನೆಯಲ್ಲಿ ಕಾಲು ಹೊಲಿಯುವವರು ಬೇರೆ, ಸೊಂಟದ ಪಟ್ಟಿಯವರು ಬೇರೆ, ಇವನದು ಜೇಬು. ಹಾಗಾಗಿ ಹೆಸರೂ ಜೇಬಣ್ಣ ಎಂದೇ ಆಯಿತು. ಕೆಲಸ ಬಿಟ್ಟ ದಿನ ಅಲ್ಲಿಯ ಮೇಸ್ತ್ರಿ, ಇವನು ಹೊಲಿದ ಜೇಬಿನಿಂದ ಒಂದು ಸೂಜಿಯೂ ಕೆಳಗೆ ಬಿದ್ದಿಲ್ಲ ಎಂದು ಎಲ್ಲರ ಮುಂದೆ ಹೇಳಿದನಂತೆ. ಇದನ್ನು ಜೇಬಣ್ಣನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನಿರುವುದು ಅವರ ಮನೆಯ ಮೇಲಿನ ಕೋಣೆಯಲ್ಲಿ. ಕೇಳದೆ ಬೇರೆ ದಾರಿಯೂ ಇರಲಿಲ್ಲ.

ತಂಗಿಗೆ ಬಿಗೋನಿಯಾ ಗಿಡಗಳ ಹುಚ್ಚು. ಹೂವಿನ ಹುಚ್ಚಲ್ಲ, ಎಲೆಯ ಹುಚ್ಚು. ಬೆಳ್ಳಿ ಚುಕ್ಕೆಯ ಎಲೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಎಲೆ, ಬೆನ್ನಿಗೆ ಬೀಟ್‌ರೂಟ್ ಬಣ್ಣ ಬಳಿದುಕೊಂಡ ಎಲೆ, ಹೀಗೆ ಹದಿನೆಂಟು ಬಗೆ. ಹದಿನೆಂಟು ಕುಂಡಗಳೂ ಹಿತ್ತಿಲ ಬಾಗಿಲಿನ ಓಣಿಯಲ್ಲಿ, ನೆಲದ ಮೇಲೆ. ಬಿಸಿಲು ಬೀಳದೆ ಬೆಳಕಷ್ಟೇ ಬರುವ ಜಾಗ ಮನೆಯಲ್ಲಿ ಅದೊಂದೇ. ಒಂದು ದಿನ ಬಟ್ಟೆ ಒಣಹಾಕಲು ಹೋದವಳು ತನ್ನದೇ ಕುಂಡ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕುಂಡಕ್ಕೆ ಏನೂ ಆಗಲಿಲ್ಲ.

ಮೂಳೆಗೆ ಕಂಬಿ ಹಾಕಿದರು. ನಡೆಯುವುದನ್ನು ಮತ್ತೆ ಕಲಿಯಲು ಆರು ವಾರ ಆಸ್ಪತ್ರೆಯಲ್ಲೇ ಇರಬೇಕೆಂದರು. ಎಚ್ಚರವಾದ ಕೂಡಲೇ ಅವಳು ಕೇಳಿದ್ದು, "ನನ್ನ ಗಿಡ?"

"ನಾನಿದೀನಲ್ಲ" ಅಂದ ಜೇಬಣ್ಣ.

"ಅದಕ್ಕೇ ಕೇಳಿದ್ದು."

ಇನ್ನು ಆ ಓಣಿಯ ನೆಲದಲ್ಲಿ ಒಂದು ಕುಂಡವೂ ಇರಕೂಡದು ಎಂದು ಅವನು ತೀರ್ಮಾನಿಸಿದ. ಡೇರೆಯ ಬಟ್ಟೆ ತಂದು, ಗೋಡೆಯಗಲಕ್ಕೆ ಕತ್ತರಿಸಿ, ಅದರ ಮೇಲೆ ಮೂರು ಸಾಲು ಜೇಬು ಹೊಲಿದ. ಸಾಲಿಗೆ ಆರು. ಒಳಗೆ ರೇನ್‌ಕೋಟಿನ ಬಟ್ಟೆಯ ಅಸ್ತರು, ಎರಡೆರಡು ಹೊಲಿಗೆ, ಹೊಲಿಗೆಯ ಮೇಲೆ ಮೇಣ. ನೀರು ತುಂಬಿಸಿ ಬೆಳಗಿನಿಂದ ಸಂಜೆಯವರೆಗೆ ನೇತುಹಾಕಿದ. ಕೆಳಗೆ ಹಾಸಿದ ಪೇಪರ್ ಒಣಗಿಯೇ ಇತ್ತು. ಆ ಪೇಪರನ್ನು ನನಗೆ ತಂದು ತೋರಿಸಿದ. ಚೆನ್ನಾಗಿದೆ ಅಂದೆ. ನೋಡಲು ಚೆನ್ನಾಗಿಯೇ ಇತ್ತು. ಗಿಡಗಳನ್ನೆಲ್ಲ ಕುಂಡದಿಂದ ಜೇಬಿಗೆ ಇಳಿಸಿದ, ದಿನಾ ಬೆಳಿಗ್ಗೆ ಒಂದೊಂದು ಲೋಟ ನೀರು ಹಾಕಿದ.

ಮೂರನೇ ವಾರ ಎಲೆಗಳು ಜೋತುಬಿದ್ದವು. ಬಾಯಾರಿಕೆ ಎಂದುಕೊಂಡು ಎರಡು ಲೋಟ ಹಾಕತೊಡಗಿದ.

ಆಸ್ಪತ್ರೆಗೆ ದಿನಾ ಹೋಗುತ್ತಿದ್ದೆವು. ತಂಗಿ ದಿನಾ ಕೇಳುತ್ತಿದ್ದಳು, "ಹೇಗಿವೆ?" ಇವನು ದಿನಾ ಹೇಳುತ್ತಿದ್ದ, "ಚೆನ್ನಾಗಿವೆ." ನಾನು ಕಿಟಕಿ ನೋಡುತ್ತಿದ್ದೆ.

ಐದನೇ ವಾರ ಓಣಿಯಲ್ಲಿ ಕೊಳೆತ ವಾಸನೆ. ಒಂದು ಜೇಬಿಗೆ ಬೆರಳು ಹಾಕಿದೆ. ಕೈ ಮಣಿಕಟ್ಟಿನವರೆಗೂ ಒಳಗೆ ಹೋಯಿತು.

"ಇದರಲ್ಲಿ ಮೀನು ಸಾಕಬಹುದು ಕಣಪ್ಪ. ಬುಡ ಎಲ್ಲಾ ಬೆಂದ ಹಾಗಾಗಿದೆ. ತಳಕ್ಕೆ ತೂತು ಮಾಡು."

"ತೂತಾ?"

"ತೂತು. ಕುಂಡಕ್ಕೆ ಇರ್ಲಿಲ್ವಾ?"

"ಕುಂಡ ಕುಂಬಾರ ಮಾಡಿದ್ದು ಅಕ್ಕ. ಇದು ಜೇಬು."

"ಗಿಡಕ್ಕೆ ಅದೆಲ್ಲ ಗೊತ್ತಾಗುತ್ತಾ?"

"ನಂಗೆ ಗೊತ್ತಾಗುತ್ತಲ್ಲ. ನೀರು ಕಮ್ಮಿ ಮಾಡ್ತೀನಿ ಬಿಡು."

ಬಡಪೆಟ್ಟಿಗೆ ಒಪ್ಪುವ ಆಸಾಮಿಯಲ್ಲ. ನೀರು ನಿಲ್ಲಿಸಿದ. ಒಳಗಿದ್ದ ನೀರು ಹೋಗಬೇಕಲ್ಲ? ಎಲ್ಲಿಗೆ ಹೋದೀತು, ಅವನ ಹೊಲಿಗೆ ದಾಟಿ? ಇನ್ನೂ ನಾಲ್ಕು ಗಿಡ ಮಲಗಿದವು. ಅದೇ ಹೊತ್ತಿಗೆ ಆಸ್ಪತ್ರೆಯಿಂದ ಫೋನು, ಸೋಮವಾರ ಕರೆದುಕೊಂಡು ಹೋಗಿ ಎಂದು. ಆವತ್ತು ಗುರುವಾರ.

"ಅವಳು ಬಂದು ನೋಡ್ಲಿ," ಅಂದೆ. "ನಿನ್ನ ಜೇಬು ಎಷ್ಟು ಗಟ್ಟಿ ಅಂತ ಹೇಳು. ಖುಷಿ ಪಡ್ತಾಳೆ."

ಅವನು ಒಳಗೆ ಹೋಗಿ ಕತ್ತರಿ ತಂದ. ಮೊದಲ ಜೇಬಿನ ಮುಂದೆ ತುಂಬಾ ಹೊತ್ತು ನಿಂತ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಕತ್ತರಿಸಿದ. ಚಹಾದ ಬಣ್ಣದ ನೀರು ಅವನ ಕಾಲಿನ ಮೇಲೆ ಸುರಿಯಿತು. ಎರಡನೆಯದಕ್ಕೆ ಹೋಗುತ್ತಾನೆಂದು ನಾನು ಕಾದರೆ, ಸೂಜಿಗೆ ದಾರ ಪೋಣಿಸುತ್ತಿದ್ದಾನೆ.

"ಏನದು?"

"ತೂತಿನ ಅಂಚು ಹೊಲೀಬೇಕಲ್ಲ. ಅಂಗಿಗೆ ಕಾಜಾ ಹೊಲಿದ ಹಾಗೆ. ಇಲ್ದಿದ್ರೆ ಎಳೆ ಬಿಚ್ಚುತ್ತೆ."

"ಅಯ್ಯೋ, ಅಲ್ಲಿ ಹದಿನೇಳು ಮುಳುಗ್ತಾ ಇವೆ!"

"ಹರಕು ತೂತು ನನ್ನ ಕೈಲಾಗಲ್ಲ."

ಒಂದೊಂದಕ್ಕೆ ಕಾಲು ಗಂಟೆ ಹಿಡಿಯಿತು. ಅಷ್ಟು ಅಂದವಾದ ತೂತು ನಾನು ಹಿಂದೆ ನೋಡಿರಲಿಲ್ಲ. ಬದುಕಿದ್ದು ಆರು ಗಿಡ.

ಸೋಮವಾರ ತಂಗಿ ವಾಕರ್ ಹಿಡಿದು ಮನೆಗೆ ಬಂದಳು. ಮಂಚಕ್ಕೆ ಹೋಗಲಿಲ್ಲ, ನೇರ ಓಣಿಗೆ. ನೆಲ ಖಾಲಿ. ಗೋಡೆ ನೋಡಿದಳು. ಒಂದೊಂದೇ ಜೇಬಿಗೆ ಬೆರಳು ಹಾಕುತ್ತಾ ಆ ಕೊನೆಯವರೆಗೂ ಹೋದಳು. ಜೇಬಣ್ಣ ಹಿಂದೆಯೇ ಕುರ್ಚಿ ಹಿಡಿದುಕೊಂಡು ಹೋದ.

"ಆಸ್ಪತ್ರೇಲಿ ಚೆನ್ನಾಗಿವೆ ಅಂದ್ರಿ."

"ಅಂದೆ."

"ದಿನಾ ಅಂದ್ರಿ."

"ನೀನು ದಿನಾ ಕೇಳ್ದೆ."

ಕುರ್ಚಿಯಲ್ಲಿ ಕೂತಳು. "ಬೆಳ್ಳಿ ಚುಕ್ಕೇದು?"

"ಹೋಯ್ತು. ನಾನೇ ಮುಳುಗಿಸ್ದೆ. ತೂತು ಮಾಡು ಅಂತ ಅಕ್ಕ ಹೇಳಿದ್ಲು, ಮಾಡ್ಲಿಲ್ಲ."

ತಂಗಿ ಕೈಚಾಚಿ, ಉಳಿದಿದ್ದ ಸುರುಳಿ ಗಿಡದಿಂದ ಎಲ್ಲಕ್ಕಿಂತ ದೊಡ್ಡ ಎಲೆಯನ್ನೇ ಪಟ್ಟನೆ ಮುರಿದಳು. ಜೇಬಣ್ಣ, "ಅದನ್ಯಾಕೆ!" ಎಂದು ಕೂಗಿದ.

"ದಾರದ ಕತ್ತರಿ ತನ್ನಿ. ಗುಂಡುಸೂಜಿನೂ."

ಎಲೆ ಮಗುಚಿ ಹಿಡಿದು ತೋರಿಸಿದಳು. ನರ ಕವಲೊಡೆಯುವ ಕಡೆಯೆಲ್ಲ ಸಣ್ಣಗೆ ಕತ್ತರಿಸಬೇಕು, ಎಲೆ ತುಂಡಾಗಬಾರದು. ಒದ್ದೆ ಮರಳಿನ ಮೇಲೆ ಬೆನ್ನು ಕೆಳಗೆ ಮಾಡಿ ಹಾಸಿ, ಏಳದಂತೆ ಸೂಜಿ ಚುಚ್ಚಬೇಕು. ಕೊಯ್ದ ಪ್ರತಿ ಜಾಗದಲ್ಲೂ ಒಂದು ಮರಿ ಬರುತ್ತದೆ. ಜೇಬಣ್ಣ ಕನ್ನಡಕ ಹಾಕಿಕೊಂಡು ಕತ್ತರಿಸಿದ. ಅವನ ಕೈ ಅಂಥ ಕೆಲಸಕ್ಕೇ ಪಳಗಿದ್ದು. ತಂಗಿ ಒಂದು ಸಲವೂ ತಿದ್ದಲಿಲ್ಲ.

ಮರಿಗಳು ಬರಲು ಎರಡು ತಿಂಗಳಾಯಿತು, ಜೇಬಿಗೆ ಇಳಿಸುವಷ್ಟು ಬೆಳೆಯಲು ಇನ್ನೆರಡು. ಈಗ ಗೋಡೆಯ ಹದಿನೆಂಟು ಜೇಬೂ ತುಂಬಿವೆ. ಬಗೆ ಮಾತ್ರ ಆರೇ. ಹೋದ ಹನ್ನೆರಡರ ಎಲೆ ಯಾರ ಹತ್ತಿರವೂ ಸಿಗಲಿಲ್ಲ. ಜೇಬಣ್ಣ ದಿನಾ ಬೆಳಿಗ್ಗೆ ಲೋಟ ಹಿಡಿದು ಓಣಿಯ ಬಾಗಿಲಲ್ಲಿ ನಿಲ್ಲುತ್ತಾನೆ. ತಂಗಿ ಜೇಬುಗಳಿಗೆ ಬೆರಳು ಹಾಕಿ ನೋಡುತ್ತಾಳೆ.

"ಇವತ್ತು ಬೇಡ," ಅನ್ನುತ್ತಾಳೆ.

ಅವನು ಆ ನೀರನ್ನು ತಾನೇ ಕುಡಿಯುತ್ತಾನೆ.