ಬಿಚ್ಚಿದ ಮಾಲು ವಾಪಸ್ ಇಲ್ಲ

ಮಗಳಿಗೆ ಗೇಮಿಂಗ್ ಕಂಪ್ಯೂಟರ್ ಬೇಕಿತ್ತು. ಸುರಪುರದ ಅಂಗಡಿಯಲ್ಲಿ ಸಿದ್ಧ ಕಂಪ್ಯೂಟರಿನ ರಟ್ಟಿನ ಡಬ್ಬಿ ತೆರೆದಾಗ ಬಂದ ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ನನ್ನ ಅಪ್ಪ ನೆನಪಾದ. ಅವನು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ.

ಹೊಸದೇನು ತಂದರೂ ಅಪ್ಪ ಮೊದಲು ಬಿಚ್ಚಿ ನೋಡುತ್ತಿದ್ದ. ಸ್ಕ್ರೂಗಳನ್ನು ಚಹಾದ ಬಸಿಯಲ್ಲಿ ಸಾಲಾಗಿ ಇಡುತ್ತಿದ್ದ. ನಾನು ಚಿಕ್ಕವಳಿದ್ದಾಗ ಇದೇ ಅಂಗಡಿಯಿಂದ ತಂದ ಹೊಸ ರೇಡಿಯೊದೊಳಗೆ ತುಕ್ಕು ಹಿಡಿದ ಹಳೆಯ ಸ್ಪೀಕರ್ ಇತ್ತು. ವಾಪಸ್ ಒಯ್ದೆವು.

"ಬಿಚ್ಚಿದ ಮಾಲು ವಾಪಸ್ ಇಲ್ಲ. ಹಳೀದು ನೀನೇ ಹಾಕಿ ತಂದೀದಿ," ಎಂದ ಸಾವ್ಕಾರ. ಗಿರಾಕಿಗಳೆಲ್ಲ ನಕ್ಕರು. ಅಪ್ಪ ರೇಡಿಯೊ ಎತ್ತಿಕೊಂಡು ಹೊರಬಿದ್ದ. ಸ್ಕ್ರೂಗಳು ನನ್ನ ಮುಷ್ಟಿಯಲ್ಲಿದ್ದವು. ಮನೆ ಮುಟ್ಟುವವರೆಗೆ ಬಿಡಲಿಲ್ಲ. ಆಮೇಲೆ ಅಪ್ಪ ಯಾವುದನ್ನೂ ಬಿಚ್ಚಲಿಲ್ಲ.

ಗಲ್ಲಾದಲ್ಲಿ ಈಗಲೂ ಅದೇ ಸಾವ್ಕಾರ, ಮುದುಕನಾಗಿದ್ದಾನೆ. ನನ್ನ ಗುರುತು ಅವನಿಗಿಲ್ಲ.

"ಕಂಪ್ಯೂಟರ್ ಬಿಚ್ಚಿ ಒಳಗ ತೋರಸ್ರಿ," ಎಂದೆ.

"ಸೀಲ್ ಒಡದ್ರ ವಾರಂಟಿ ಹೋಗ್ತದ ತಂಗಿ. ನಂಬಿ ಒಯ್ರಿ."

"ಒಮ್ಮಿ ನಂಬಿ ಒಯ್ದೀವ್ರಿ. ಸಾಕಾಗೇದ."

ಎದುರಿನ ಅಂಗಡಿಯಲ್ಲಿ ಕಂಪ್ಯೂಟರಿನ ಒಂದೊಂದೇ ಭಾಗ ನೋಡಿ ಕೊಂಡೆವು. ಆ ಅಂಗಡಿಯವರನ್ನು ಕೇಳಿ ಮೇಜನ್ನು ಹೊರಗೆ ಹಾಕಿಸಿದೆ. ನನ್ನ ಚೀಲದಲ್ಲಿದ್ದ ಅಪ್ಪನ ಸ್ಕ್ರೂಡ್ರೈವರ್ ಹಿಡಿದು ಮಗಳು ಜೋಡಿಸತೊಡಗಿದಳು. ನಾನು ಚಹಾದಂಗಡಿಯಿಂದ ಬಸಿ ತಂದು ಸ್ಕ್ರೂಗಳನ್ನು ಸಾಲಾಗಿ ಇಟ್ಟೆ. ಸಾವ್ಕಾರನ ಗಿರಾಕಿಗಳಿಬ್ಬರು ನೋಡಲು ರಸ್ತೆ ದಾಟಿ ಬಂದರು.

"ಉಳಿದಿದ್ದು ಮನ್ಯಾಗ ಮಾಡೂಣು ನಡಿ ಅವ್ವಾ," ಎಂದಳು ಮಗಳು.

"ಅವಸರ ಮಾಡಬ್ಯಾಡ," ಎಂದೆ. "ಸಾವ್ಕಾರ ಇನ್ನಾ ನೋಡಾಕತ್ತಾನ."